ಸೋಲಾಪುರದಲ್ಲಿ ಬಿಚ್ಚಿದ ಗಂಟು

ಹೊರಡುವ ಮೊದಲು

ನಾನೂ ಪರದೇಶಕ್ಕೆ ಹೋಗಿಬಂದಿದ್ದೇನೆ. ಹಡಗು ಹತ್ತಲಿಲ್ಲ, ಪಾಸ್‌ಪೋರ್ಟು ಮಾಡಿಸಲಿಲ್ಲ. ಧಾರವಾಡದಿಂದ ಹೊರಟು, ಗದಗಿನಲ್ಲಿ ಗಾಡಿ ಬದಲಿಸಿ, ವಿಜಾಪುರ ದಾಟಿ, ಮರುದಿನ ಬೆಳಿಗ್ಗೆ ಸೋಲಾಪುರದಲ್ಲಿ ಇಳಿದೆ. ಆ ಪ್ರವಾಸಕ್ಕೆ ಒಂದು ವರ್ಷ ಮೊದಲಿನವರೆಗೆ ಈ ಎರಡೂ ಊರು ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆಮೇಲೆ ನಕಾಶೆಯ ಮೇಲೆ ಗೆರೆ ಬಿತ್ತು. ನಾವು ಮೈಸೂರು ರಾಜ್ಯಕ್ಕೆ ಬಂದೆವು, ಸೋಲಾಪುರ ಅಲ್ಲೇ ಉಳಿಯಿತು. ಅಕ್ಕಲಕೋಟೆಯಲ್ಲಿದ್ದ ನನ್ನ ಅಕ್ಕ ರೊಟ್ಟಿ ತಟ್ಟುತ್ತ ಕೂತಲ್ಲೇ ಪರರಾಜ್ಯದವಳಾದಳು.

ಭಾವ ತೀರಿಕೊಂಡ ಮೇಲೆ ಅಕ್ಕ ತವರಿಗೆ ಬಂದಿರಲಿಲ್ಲ. ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯಲ್ಲಿ ಹಂಗಾಮಿ ಶಿಕ್ಷಕಿಯಾಗಿ ಸೇರಿ, ಮಗಳನ್ನು ಸಾಕಿಕೊಂಡು ಇದ್ದಳು. ಗೆರೆ ಬಿದ್ದ ಮೇಲೆ ಕಾಗದಪತ್ರಗಳ ತಪಾಸಣೆ ಶುರುವಾಯಿತು. ಹಂಗಾಮಿಯವರೆಲ್ಲ ತಮ್ಮ ಮುಲ್ಕಿ ಪರೀಕ್ಷೆಯ ಮೂಲ ಪ್ರಮಾಣಪತ್ರವನ್ನು ಸೋಮವಾರ ಮಧ್ಯಾಹ್ನದೊಳಗೆ ತೋರಿಸಬೇಕು, ತೋರಿಸದವರ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಅಕ್ಕ ಕಾರ್ಡು ಬರೆದಿದ್ದಳು. ಏಳನೆಯ ಇಯತ್ತೆ ಮುಗಿಸಿ ಅವಳು ಪಡೆದ ಆ ಕಾಗದ ಧಾರವಾಡದಲ್ಲಿ ಅವ್ವನ ಟ್ರಂಕಿನ ತಳದಲ್ಲಿತ್ತು. ನನಗೆ ರಜೆಯಿತ್ತು. ಹೀಗೆ ನಾನು ಪ್ರವಾಸಿಯಾದೆ.

ಆ ಪ್ರಮಾಣಪತ್ರವನ್ನು ನಾನು ಕಣ್ಣಾರೆ ನೋಡಿರಲಿಲ್ಲ, ಆದರೆ ಬಾಯಿಪಾಠವಾಗಿತ್ತು. ನಾನು ಒಂದು ಅಂಕ ಕಡಿಮೆ ತಂದಾಗಲೆಲ್ಲ ಅಪ್ಪ, "ನಿಮ್ಮಕ್ಕ ಮುಲ್ಕಿಯಾಗ ಪಹಿಲಾ ವರ್ಗ, ಮೊದಲನೇ ದರ್ಜೆ" ಎನ್ನುತ್ತಿದ್ದ. ಅವಳು ಪಾಸಾದ ದಿನ ಓಣಿಗೆಲ್ಲ ಪೇಢೆ ಹಂಚಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಬಿ.ಎ. ಮುಗಿಸಿದ್ದು ಆ ಒಂದು ವಾಕ್ಯದ ಭಯಕ್ಕೆ.

ಅವ್ವ ಆ ಕಾಗದವನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಇನ್ನೂ ಏನೇನೋ ಸೇರಿಸಿ, ಒಂದು ಕೈಚೀಲದಲ್ಲಿಟ್ಟು, ಬಾಯಿಗೆ ಹುರಿ ಬಿಗಿದು ಗಂಟು ಹಾಕಿದಳು. ಗಂಟಿಗೆ ಅರಿಸಿನ ಮೆತ್ತಿದಳು.

"ಬಿಚ್ಚಬ್ಯಾಡ. ಅಕ್ಕನ ಕೈಯಾಗ ಕೊಡು."

"ದಾರ್ಯಾಗ ಹಸಿವಾದರ?"

"ದಾರ್ಯಾಗ ತಿನ್ನೂದು ಬ್ಯಾರೇ ಕಟ್ಟೇನಿ. ಇದನ್ನ ಬಿಚ್ಚಬ್ಯಾಡ."

ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಇದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ಚೀಲ ನೀಲಿಯದು ಎಂದು ನನ್ನ ನೆನಪು. ಕಾವಿ ಬಣ್ಣದ್ದು ಎಂದು ಅಕ್ಕ. ಅದಕ್ಕೆ ಬಣ್ಣವೇ ಉಳಿದಿರಲಿಲ್ಲ ಎಂದು ಅವ್ವ. ಮೂವರೂ ಆಣೆ ಮಾಡಲು ಸಿದ್ಧರಿದ್ದೇವೆ.

ಶುಕ್ರವಾರ: ಸೋಲಾಪುರ

ಪರರಾಜ್ಯದಲ್ಲಿ ಬೇಕಾದೀತೆಂದು ಗಾಡಿಯಲ್ಲಿ ಕೂತು, ಬಸ್ಸಿನ ನಿಲ್ದಾಣ ಎಲ್ಲಿದೆ ಎಂದು ಕೇಳುವ ಒಂದು ಮರಾಠಿ ವಾಕ್ಯ ಉರುಹೊಡೆದಿದ್ದೆ. ಸ್ಟೇಷನ್ನಿನ ಹೊರಗೆ ಮೊದಲು ಸಿಕ್ಕ ಟಾಂಗಾದವನ ಮೇಲೆ ಅದನ್ನು ಪ್ರಯೋಗಿಸಿದೆ: "ಎಸ್.ಟಿ. ಸ್ಟ್ಯಾಂಡ್ ಕುಠೇ ಆಹೇ?"

ಟಾಂಗಾದವ ಗಡ್ಡ ಕೆರೆದುಕೊಂಡ. "ಅಷ್ಟ್ಯಾಕ ತ್ರಾಸ ತಗೋತೀರಿ ಸಾಹೇಬ್ರ? ಕನ್ನಡದಾಗ ಕೇಳ್ರಿ. ಹತ್ರಿ."

ಅವನ ಹೆಸರು ಚಾಂದಸಾಬ. ಕುದುರೆಯೊಡನೆ ಉರ್ದುವಿನಲ್ಲಿ, ದಾರಿಹೋಕರೊಡನೆ ಮರಾಠಿಯಲ್ಲಿ, ಬೈಯುವಾಗ ಕನ್ನಡದಲ್ಲಿ ಮಾತಾಡುತ್ತಿದ್ದ. ಈ ಊರಿನವರ ಅಭ್ಯಾಸವೇ ಹಾಗೆ ಎಂದು ಆಮೇಲೆ ಕಂಡುಕೊಂಡೆ. ಅಪರಿಚಿತನನ್ನು ಮರಾಠಿಯಲ್ಲಿ ಕೂರಿಸುತ್ತಾರೆ, ಎರಡನೆಯ ವಾಕ್ಯಕ್ಕೆ ಕನ್ನಡಕ್ಕೆ ಇಳಿಯುತ್ತಾರೆ, ಬೀಳ್ಕೊಡುವಾಗ ಮತ್ತೆ ಮರಾಠಿಗೆ ಹತ್ತುತ್ತಾರೆ. ಧಾರವಾಡದಲ್ಲಿ ನಾವು ಇಂಗ್ಲಿಷನ್ನು ಇದೇ ರೀತಿ ಬಳಸುತ್ತೇವೆ. ನಮಗೆ ಮಾತ್ರ ಅದು ವಿದ್ಯೆ ಎನ್ನಿಸುತ್ತದೆ.

ಗಿರಣಿಯ ಭೋಂಗಾ ಊದಿತು. ಬೀದಿಯ ಜನವೆಲ್ಲ ಒಂದೇ ದಿಕ್ಕಿಗೆ ನಡೆಯತೊಡಗಿದರು. ಎರಡು ಬದಿಯ ಹಗ್ಗಗಳ ಮೇಲೆ ಒಣಹಾಕಿದ ಚಾದರುಗಳಿಂದ ಇನ್ನೂ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಎದುರಿಗೆ ಕುರಿಗಳ ಹಿಂಡು ಬಂದು ರಸ್ತೆ ತುಂಬಿತು. ಕುದುರೆ ನಿಂತಿತು. ಒಂದು ಮರಿ ಹೆದರಿ ಟಾಂಗಾದ ಗಾಲಿಯ ಮಗ್ಗುಲಿಗೆ ನುಗ್ಗಿ ಸಿಕ್ಕಿಕೊಂಡಿತು. ನಾನು ಕೆಳಗಿಳಿದು ಅದನ್ನು ಎಳೆದು ತೆಗೆದು ಕುರುಬನ ಕೈಗೆ ಕೊಟ್ಟೆ. ಇಡೀ ಪ್ರವಾಸದಲ್ಲಿ ನಾನು ಮಾಡಿದ ಪರೋಪಕಾರ ಅದೊಂದೇ.

ಎಸ್.ಟಿ. ಸ್ಟ್ಯಾಂಡಿನಲ್ಲಿ ಇಳಿದು, ಟಾಂಗಾ ಕಣ್ಮರೆಯಾದ ಮೇಲೆ ನೋಡುತ್ತೇನೆ, ನನ್ನ ಬಟ್ಟೆಯ ಚಿಕ್ಕ ಟ್ರಂಕು ಇದೆ, ಅವ್ವನ ಚೀಲ ಇಲ್ಲ.

ಆ ಚೀಲದ ಬಗ್ಗೆ ನನ್ನ ಬಳಿ ಮೂರು ನೆನಪುಗಳಿವೆ. ಒಂದರಲ್ಲಿ ಅದು ರೈಲಿನ ಬಾಕಿನ ಮೇಲಿದೆ. ಇನ್ನೊಂದರಲ್ಲಿ ಟಾಂಗಾದ ಸೀಟಿನ ಮೇಲೆ. ಮತ್ತೊಂದರಲ್ಲಿ ನನ್ನ ಕಂಕುಳಲ್ಲೇ ಇದೆ, ಇವತ್ತಿಗೂ. ಮೂರೂ ಅಷ್ಟೇ ಸ್ಪಷ್ಟ. ಸಾಮಾನು ಕಳೆದುಕೊಂಡವನಿಗೆ ಒಂದೇ ನೆನಪಿದ್ದರೆ ಅವನು ಅದೃಷ್ಟವಂತ.

ಶುಕ್ರವಾರ ಮಧ್ಯಾಹ್ನ: ಸ್ಟೇಷನ್ನಿನ ಹಿಂದಿನ ಕೋಣೆ

ಮೊದಲನೆಯ ನೆನಪನ್ನು ನಂಬಿ ಸ್ಟೇಷನ್ನಿಗೆ ಮರಳಿದೆ. ಸಿಕ್ಕ ಸಾಮಾನುಗಳನ್ನು ಹಿಂದಿನ ಒಂದು ಕೋಣೆಯಲ್ಲಿಡುತ್ತಿದ್ದರು. ಕೊಡೆಗಳನ್ನು ಕಟ್ಟಿಗೆಯ ಹೊರೆಯಂತೆ ಕಟ್ಟಿ ಮೂಲೆಗೆ ನಿಲ್ಲಿಸಿದ್ದರು. ಒಂಟಿ ಚಪ್ಪಲಿಗಳ ಸಾಲಿತ್ತು. ಗೋಡೆಯ ಮೊಳೆಗೆ ಒಂದು ಮದುವೆಯ ಬಾಸಿಂಗ ತೂಗುತ್ತಿತ್ತು. ಅದನ್ನು ಕಳೆದುಕೊಂಡ ವರ ಏನು ಮಾಡಿದನೋ. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಲೋಟ, ಅದರಲ್ಲಿ ಕಟ್ಟಿಸಿದ ಹಲ್ಲುಗಳ ಒಂದು ಜೊತೆ.

ಕನ್ನಡಕದ ಕಡ್ಡಿಗೆ ದಾರ ಸುತ್ತಿದ್ದ ಕಾರಕೂನರು ದಫ್ತರ ತೆರೆದರು.

"ಏನ ಕಳದದ?"

"ಚೀಲ."

"ಪಿಶವಿ," ಎಂದು ಬರೆದುಕೊಂಡರು. "ರಂಗ?"

"ನೀಲಿ."

"ಒಳಗ ಏನೇನ ಅದ, ಯಾದಿ ಬರದ ಕೊಡ್ರಿ. ಯಾದಿಗಿ ಸಾಮಾನ ಬರೋಬರ್ ಕೂಡಿದ್ರ ನಿಮ್ಮದು. ಇಲ್ಲಾಂದ್ರ ಇಲ್ಲ."

"ನಾನು ಬಿಚ್ಚಿ ನೋಡಿಲ್ಲರಿ. ನಮ್ಮವ್ವ ಕಟ್ಟಿದ್ದು."

"ಹಂಗಿದ್ರ ಅವ್ವಾರ ಕಳಕೋಬೇಕಿತ್ತು," ಎಂದರು ನಗದೆ. ಲೋಟದ ಕಡೆ ಕೈಮಾಡಿ ತೋರಿಸಿದರು. "ಆ ಹಲ್ಲಿನ ಯಜಮಾನರೂ ಬಂದಿದ್ರು. ಎಷ್ಟ ಹಲ್ಲು ಅಂದ್ರ ಹೇಳಾಕ ಬರಲಿಲ್ಲ. ತಮ್ಮ ಬಾಯಾಗಿಂದು ತಮಗ ಗೊತ್ತಿಲ್ಲ! ವಾಪಸ್ ಕಳಿಸೇನಿ."

ನಾನು ಹೆದರಿ ಬರೆಯಲು ಕೂತೆ. ಅವ್ವ ಏನೇನು ಇಟ್ಟಿರಬಹುದು? ಮಗಳಿಗೆ ಗಂಟು ಕಟ್ಟುವ ತಾಯಂದಿರನ್ನೆಲ್ಲ ನೆನೆದು, ಒಂದು ಒಳ್ಳೆಯ ಯಾದಿ ಮಾಡಿದೆ. ಒಂದು: ಅಕ್ಕನ ತವರಿನ ಹೆಸರಿನಲ್ಲಿ ಮುಲ್ಕಿ ಪರೀಕ್ಷೆಯ ಪ್ರಮಾಣಪತ್ರ, ಪಹಿಲಾ ವರ್ಗ, ಇಂಥ ವರ್ಷದ್ದು. ಎರಡು: ಅಕ್ಕನಿಗೊಂದು ಸೀರೆ. ಮೂರು: ಅವಳ ಮಗಳಿಗೆ ಲಂಗ. ನಾಲ್ಕು: ಚಕ್ಕುಲಿ. ಐದು: ಅವ್ವನ ಕಾಗದ. ಬರೆದ ಮೇಲೆ ಅದೆಲ್ಲವನ್ನೂ ಅವ್ವ ನನ್ನೆದುರಿಗೇ ಚೀಲಕ್ಕೆ ಹಾಕಿದಂತೆ ನೆನಪಾಗತೊಡಗಿತು.

ಯಾದಿಯ ಒಂದು ಪ್ರತಿ ದಫ್ತರಕ್ಕೆ ಅಂಟಿತು, ಇನ್ನೊಂದು ನನ್ನ ಜೇಬಿಗೆ ಬಂತು. ಚೀಲ ಮಾತ್ರ ಆ ಕೋಣೆಯಲ್ಲಿರಲಿಲ್ಲ.

ಹೊರಗೆ ಬಂದರೆ ಚಾಂದಸಾಬ ಟಾಂಗಾ ನಿಲ್ಲಿಸಿಕೊಂಡು ನಿಂತಿದ್ದ.

"ಎಲ್ಲಿ ಹೋಗೀರಿ ಸಾಹೇಬ್ರ? ಆವಾಗಿಂದ ಹುಡಕಾಕತ್ತೀನಿ. ಮರಿ ಎತ್ತೂ ಮುಂದ ಪಿಶವಿ ನೆಲದ ಮ್ಯಾಲ ಇಟ್ಟಿದ್ರಿ ನೀವು."

"ನೀ ನೋಡಿದೇನು? ಮತ್ತ ಆಗಲೇ ಯಾಕ ಹೇಳಲಿಲ್ಲ?"

"ಎತ್ತಿಕೊಂಡಿರಿ ಅಂತ ತಿಳದೆ. ನಾಲ್ಕ ಮಾರು ಮುಂದ ಹೋಗಿ ಹಿಂದಕ್ಕ ನೋಡ್ತೀನಿ, ಆ ಕುರಿ ಕಾಯೂ ಧನಗರಾವ ಎತ್ತ್ಯಾನ. ಎತ್ತಿ ಹಣಿಗಿ ಹಚ್ಚಿಕೊಂಡಾನ! ನಾ ನಿಮ್ಮದು ಬ್ಯಾರೇ ಪಿಶವಿ ಇರಬೇಕು, ಇದು ಅವಂದು ಅಂತ ಸುಮ್ಮಾದೆ. ನಿಮ್ಮನ್ನ ಇಳಿಸಿದ ಮ್ಯಾಲ ನೆನಪಾತು, ನಿಮ್ಮ ಕೈಯಾಗ ಟ್ರಂಕ ಒಂದೇ ಇತ್ತು. ಕಳ್ಳ ಯಾವನರೆ ಕದ್ದ ಮಾಲಿಗಿ ನಮಸ್ಕಾರ ಮಾಡ್ತಾನೇನ್ರಿ?"

"ಯಾರವನು?"

"ಕಂದಲಗಾಂವದ ಮಾಯಪ್ಪ. ಕುರಿ ಮಾರಾಕ ಬರ್ತಾನ. ಭಲಾ ಆದ್ಮಿ. ನಾಳಿ ಹೋಗ್ರಿ, ಸಿಕ್ಕೇ ಸಿಗ್ತದ."

ಸಿಗುತ್ತದೆ ಎಂಬುದರಲ್ಲಿ ಅವನು ತಪ್ಪಲಿಲ್ಲ.

ಶನಿವಾರ: ಕಂದಲಗಾಂವ

ರಾತ್ರಿಯನ್ನು ಸ್ಟೇಷನ್ನಿನಲ್ಲೇ ಕಳೆದಿದ್ದೆ. ಬಸ್ಸಿಳಿದು ಮೊಣಕಾಲೆತ್ತರದ ಜೋಳದ ನಡುವೆ ನಡೆದು ಕಂದಲಗಾಂವ ಮುಟ್ಟಿದಾಗ ಬಿಸಿಲೇರಿತ್ತು. ಮಾಯಪ್ಪ ಅಂಗಳದಲ್ಲಿ ಕೂತು ಉಣ್ಣೆಯ ಹುರಿ ಹೊಸೆಯುತ್ತಿದ್ದ. ನಿನ್ನೆ ಮರಿ ಎತ್ತಿಕೊಟ್ಟವನು ನಾನೆಂದು ಗುರುತಿಸಿ ಎದ್ದು ನಿಂತ. ಕಂಬಳಿ ಹಾಸಿದ, ನೀರು ಕೊಟ್ಟ.

"ನನ್ನ ಚೀಲ ನಿನ್ನ ಕಡೆ ಐತೇನಪ್ಪ?"

"ಯಾವ ಪಿಶವಿರಿ?"

"ನಿನ್ನೆ ರಸ್ತೆಯಾಗ ಎತ್ತಿದಿಯಲ್ಲ, ಅರಿಸಿನದ ಗಂಟಿಂದು."

ಮಾಯಪ್ಪನ ಮುಖ ಗಂಭೀರವಾಯಿತು. "ಅದು ನಿಮ್ಮದು ಹೆಂಗ ಆಗ್ತದರಿ? ಅದು ದೇವ್ರ ಗಂಟು. ದೇವ್ರ ಕಡಿ ಅದ."

ನಿಧಾನವಾಗಿ ಬಿಡಿಸಿ ಹೇಳಿದ. ಅವರಲ್ಲಿ ಹುಲಜಂತಿಯ ಜಾತ್ರೆಗೆ ಹರಕೆ ಒಯ್ಯುವವರು ಕಾಣಿಕೆಯನ್ನು ಗಂಟು ಕಟ್ಟಿ, ಗಂಟಿನ ಮೇಲೆ ಭಂಡಾರ ಮೆತ್ತುತ್ತಾರೆ. ಭಂಡಾರ ಎಂದರೆ ಅರಿಸಿನವೇ, ಆದರೆ ದೇವರಿಗೆ ಸಂದ ಅರಿಸಿನ. ಮೆತ್ತಿದ ಮೇಲೆ ಕಟ್ಟಿದವನೂ ಅದನ್ನು ಬಿಚ್ಚುವಂತಿಲ್ಲ. ದಾರಿಯಲ್ಲಿ ಯಾರದಾದರೂ ಗಂಟು ಬಿದ್ದಿದ್ದರೆ, ಕಂಡವನು ತಂದು ತನ್ನೂರಿನ ಬೀರಪ್ಪನ ಗುಡಿಯಲ್ಲಿಡಬೇಕು. ನಿನ್ನೆ ಅವನು ಅದನ್ನೇ ಮಾಡಿದ್ದ. ಕುರಿ ಮಾರುವುದನ್ನೂ ಬಿಟ್ಟು ಹಿಂಡನ್ನು ಹಿಂದಕ್ಕೆ ಹೊಡೆದುಕೊಂಡು ಬಂದಿದ್ದ.

"ಅಲ್ಲಪ್ಪ, ಇದು ನಮ್ಮವ್ವ ಸುಮ್ಮನ ಹಚ್ಚಿದ ಅರಿಸಿನ."

"ಸುಮ್ಮನ ಯಾರರೆ ಅರಿಸಿನ ಹಚ್ಚತಾರೇನ್ರಿ?"

ಅವ್ವ ಯಾಕೆ ಹಚ್ಚಿದಳೆಂದು ನಾನೂ ಕೇಳಿರಲಿಲ್ಲ.

ಗುಡಿಯಲ್ಲಿ, ಡೊಳ್ಳುಗಳ ಪಕ್ಕದ ಗೂಟಕ್ಕೆ ನನ್ನ ಚೀಲ ತೂಗುತ್ತಿತ್ತು. ಕೈಗೆಟಕುವಷ್ಟು ಹತ್ತಿರ. ಗೂಟದಿಂದ ಚೀಲದವರೆಗೆ ಇರುವೆಗಳ ಸಾಲು ಹತ್ತಿದ್ದರಿಂದ ತಿನ್ನುವ ಪದಾರ್ಥದ ಮಟ್ಟಿಗೆ ನನ್ನ ಯಾದಿ ಸರಿ ಎಂದು ಧೈರ್ಯವಾಯಿತು. ಸೋಮವಾರದ ವಾಯಿದೆ, ಅಕ್ಕನ ನೌಕರಿ, ಎಲ್ಲವನ್ನೂ ಪೂಜಾರಿಗೆ ಹೇಳಿದೆ. ಅವನು ತೀರ ವಯಸ್ಸಾದವನು. ಎಲ್ಲರೂ ಅಜ್ಜ ಎನ್ನುತ್ತಿದ್ದರು. ಕೇಳಿಸಿಕೊಂಡು, "ನಾ ಬಿಚ್ಚಾಂವ ಅಲ್ಲ. ಕೌಲ ಕೇಳೂನು," ಎಂದ.

ದೇವರ ಮೈಮೇಲೆ ಎರಡು ಹೂ ಅಂಟಿಸಿದ. ಬಲಗಡೆಯದು ಬಿದ್ದರೆ ಬಿಚ್ಚಬಹುದು. ನಾವು ಕೂತೆವು. ಹೂ ಬೀಳುವುದನ್ನು ನೋಡುತ್ತ ಕೂತವನಿಗೆ ಹೂವಿನ ಹಟ ಗೊತ್ತಾಗುತ್ತದೆ. ನಾನು, ದೇವರ ವಿಷಯದಲ್ಲಿ ಕಾಲೇಜಿನಿಂದಲೂ ಅನುಮಾನವಿದ್ದವನು, ಬಲಗಡೆಯ ಹೂವನ್ನು ಕಣ್ಣಲ್ಲೇ ದೂಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅದು ಬಿತ್ತು. ಗಾಳಿಗೆ ಬಿತ್ತು ಎಂದು ಬರೆಯಬಹುದು. ಆದರೆ ಗಾಳಿ ಇತ್ತೇ ಎಂಬುದು ನೆನಪಿಲ್ಲ.

ಅಜ್ಜ ಗಂಟನ್ನು ಕೂಡಲೇ ಬಿಚ್ಚಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಒಂದೊಂದೇ ಎಳೆ ಸಡಿಲಿಸಿದ. ಊರಿನ ಶಾಲೆಯ ಮಾಸ್ತರನನ್ನು ಕರೆಸಿದ್ದರು. ಅವನು ಕಲಿಸುವುದು ಮರಾಠಿಯಾದರೂ ಕನ್ನಡ ಓದಬಲ್ಲ. ನನ್ನ ಯಾದಿ ಅವನ ಎಡಗೈಯಲ್ಲಿ. ಚೀಲದ ಸಾಮಾನು ಒಂದೊಂದಾಗಿ ಕಂಬಳಿಯ ಮೇಲೆ ಬಂತು.

"ಚಕ್ಕುಲಿ. ಬರೋಬರ್."

ನಾನು ಹೆಮ್ಮೆಯಿಂದ ಸುತ್ತ ನೋಡಿದೆ.

"ಸೀರಿ ಇಲ್ಲ. ಲಂಗಾ ಇಲ್ಲ. ಉಣ್ಣಿ ಟೊಪ್ಪಿಗಿ ಅದ. ಶೇಂಗಾ ಚಟ್ನಿ ಅದ. ಯಾದ್ಯಾಗ ಎರಡೂ ಇಲ್ಲ. ಅವ್ವಾರ ಚಿಟ್ಟಿ... ಇಲ್ಲ."

ಅವ್ವನಿಗೆ ಓದುಬರಹ ಬರುವುದಿಲ್ಲ ಎಂಬುದು ಆಗ ನೆನಪಾಯಿತು. ಇಪ್ಪತ್ತೇಳು ವರ್ಷ ಅವಳ ಜೊತೆ ಇದ್ದು, ಕಾರಕೂನರ ಎದುರಿಗೆ ಅವಳ ಕೈಯಿಂದ ಕಾಗದ ಬರೆಸಿದ್ದೆ.

ಮಾಸ್ತರ ಧೋತರದ ತುಂಡು ಬಿಡಿಸಿ ಪ್ರಮಾಣಪತ್ರ ತೆಗೆದ. ಅಕ್ಕನ ತವರಿನ ಹೆಸರು ಓದಿದ. "ಹೆಸರು ಬರೋಬರ್." ವರ್ಷ ಓದಿದ. "ಇವರು ಬರದ ವರ್ಷ ಅಲ್ಲ. ಒಂದ ವರ್ಷ ಮುಂದಿಂದು." ಆಮೇಲೆ ತಡೆದ. ಕಾಗದವನ್ನೂ ಯಾದಿಯನ್ನೂ ಅಕ್ಕಪಕ್ಕ ಹಿಡಿದ. "ಪಹಿಲಾ ವರ್ಗ ಅಂತ ಬರದೀರಲ್ಲರಿ. ಇದರಾಗ ಮೂರನೇ ವರ್ಗ ಅದ."

"ತಪ್ಪು ಓದೀರಿ," ಎಂದೆ.

ಅವನು ಕಾಗದವನ್ನು ನನ್ನ ಕಣ್ಣೆದುರಿಗೆ ಹಿಡಿದ. ತಪ್ಪು ಓದಿರಲಿಲ್ಲ.

ಐದರಲ್ಲಿ ಒಂದೂವರೆ. ನನ್ನ ಸ್ವಂತ ಚೀಲದ ಪರೀಕ್ಷೆಯಲ್ಲಿ ನನಗೆ ಮೂರನೆಯ ವರ್ಗವೂ ಸಿಗಲಿಲ್ಲ.

ಅಜ್ಜನಿಗೆ ಸಿಟ್ಟಿರಲಿಲ್ಲ, ದುಃಖವಿತ್ತು. "ಹೆಸರು ಯಾರರೆ ಕೇಳಿ ತಿಳಕೋಬಹುದು. ಖರೇ ತಮ್ಮ ಇದ್ದರ ಅಕ್ಕನ ಪಾಸು ಗೊತ್ತಿರಬೇಕಲ್ಲಪ್ಪ?"

"ಗೊತ್ತಿತ್ತು ಅಜ್ಜಾ. ಹಂಗ ಅಂತ ಹೇಳಿದ್ರು ನನಗ."

"ಯಾರು?"

"ನಮ್ಮಪ್ಪ."

"ಕರಕೊಂಬಾ ಅವರ್ನ."

"ಇಲ್ಲ ಅವರು. ತೀರಿಕೊಂಡ್ರು."

ಸತ್ತವರನ್ನು ಸಾಕ್ಷಿಗೆ ಕರೆಯುವ ಮನುಷ್ಯನನ್ನು ನಂಬುವುದು ಕಷ್ಟ. ಕಡೆಗೆ ಅಜ್ಜ ಸಡಿಲಾದ ಹುರಿಯನ್ನು ಎತ್ತಿ ತೋರಿಸಿದ. "ನಮ್ಮಲ್ಲಿ ಮರಿ ಕಟ್ಟೂ ಗಂಟು ಒಂದೊಂದು ಮನಿಗಿ ಒಂದೊಂದು ಇರ್ತದ. ಮರಿ ತಪ್ಪಿಸಿಕೊಂಡು ಯಾರ ಹಿಂಡಿನಾಗರೆ ಸೇರಿದ್ರ, ಕೊರಳಾಗಿನ ಗಂಟ ನೋಡಿ ತಿರಗಿ ಕೊಡ್ತೀವಿ. ಇದು ಎರಡ ಸುತ್ತ ಹಾಕಿ ಒಳಗಿಂದ ತಗದ ಗಂಟು. ಈ ಕಡಿ ಯಾರೂ ಹಿಂಗ ಕಟ್ಟಂಗಿಲ್ಲ. ಕಟ್ಟಿ ತೋರಸು."

ನಾನು ಕಟ್ಟಿದೆ. ಹುರಿ ಹಾಗೇ ಜಾರಿ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದೆ. ಮಾಯಪ್ಪ ನನ್ನ ಪರವಾಗಿ ತಲೆ ತಗ್ಗಿಸಿದ.

"ನಮ್ಮಕ್ಕಗ ಬರ್ತೈತಿ," ಎಂದೆ. ಅದೂ ನೆನಪೇ, ಆದ್ದರಿಂದ ಧೈರ್ಯವಿರಲಿಲ್ಲ.

"ಹಂಗಿದ್ರ ಅಕ್ಕನ್ನ ಕರಕೊಂಬಾ. ದೇವ್ರ ಹಂತೇಕ ಅದ, ಎಲ್ಲೂ ಹೋಗಂಗಿಲ್ಲ."

ಶನಿವಾರ ಸಂಜೆ: ಅಕ್ಕಲಕೋಟೆ

ಅಕ್ಕಲಕೋಟೆಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿಯ ಸ್ವಾಮಿಗಳ ಮಠದಲ್ಲಿ ಏನನ್ನಾದರೂ ಬೇಡಿಕೊಳ್ಳಲು ಬರುತ್ತಾರೆ. ಬಸ್ಸಿನಲ್ಲಿ ನನ್ನ ಪಕ್ಕದವನು ಕಳೆದುಹೋದ ಎಮ್ಮೆಗಾಗಿ ಬಂದಿದ್ದ. "ನಿಮ್ಮದೇನ್ರಿ?" ಎಂದು ಕೇಳಿದ. ನನ್ನದು ಸಿಕ್ಕಿದೆ ಎಂದೆ. ಸಿಕ್ಕ ಮೇಲೆ ಯಾಕೆ ಬಂದಿರಿ ಎಂಬಂತೆ ನೋಡಿದ.

ಅಕ್ಕ ಒಲೆಯ ಮುಂದಿದ್ದಳು. ನನ್ನ ಕೈಯಲ್ಲಿ ಟ್ರಂಕು ಒಂದೇ ಇದ್ದುದನ್ನು ನೋಡಿದಳು.

"ಕಳಕೊಂಡಿ."

"ಇಲ್ಲಕ್ಕ, ಸಿಕ್ಕೈತಿ."

"ಮತ್ತ ಎಲ್ಲಿ?"

"ನಂದಲ್ಲ ಅಂತಾರ."

ಅವಳು ಎಲ್ಲವನ್ನೂ ಕೇಳಿದಳು. ಕುರಿಮರಿ, ಹಲ್ಲಿನ ಲೋಟ, ಹೂ, ಯಾದಿ. ಯಾದಿಯ ಮೊದಲ ಸಾಲನ್ನು ನಾನು ಬಿಟ್ಟು ಹೇಳಿದೆ. ರೊಟ್ಟಿ ಮಗುಚುತ್ತ ಅವಳೇ ಕೇಳಿದಳು, "ಓದಿದ್ರೇನು?"

"ಓದಿದ್ರು."

"ನಿನ್ನ ಮುಂದ?"

"ನನ್ನ ಮುಂದ."

ರೊಟ್ಟಿ ಉಬ್ಬಿತು. ಅವಳು ಅದನ್ನು ತೆಗೆದು ಪುಟ್ಟಿಗೆ ಹಾಕಿದಳು. "ಮೊದಲನೇ ವರ್ಷ ಲೆಕ್ಕದಾಗ ಹೋತು. ಎರಡನೇ ವರ್ಷ ಮತ್ತ ಕುಂತೆ. ಅಂತೂ ಪಾಸಾದೆ."

"ಮತ್ತ ಅಪ್ಪ ಪೇಢೆ ಹಂಚಿದ್ದು?"

"ಅದು ಹೊಲದ ದಾವೇ ಗೆದ್ದಿದ್ದಕ್ಕ. ನೀ ಸಣ್ಣಾಂವ ಇದ್ದಿ, ಎಂಟು ತಿಂದಿ. ಯಾಕ ಹಂಚಿದ್ರು ಅಂತ ನಿನಗೇನು ಗೊತ್ತು?"

ಪೇಢೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಅದನ್ನು ಈಗ ಇನ್ನೊಂದು ದಿನಕ್ಕೆ ಹಚ್ಚಿಕೊಳ್ಳಬೇಕಾಗಿತ್ತು.

"ನೀ ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀ ಓದತಿದ್ದಿಲ್ಲ. ನಿನ್ನ ಹೆದರಸಾಕ ಅಪ್ಪಗ ಯಾರರ ಒಬ್ರು ಬೇಕಾಗಿತ್ತು." ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. "ಮತ್ತ... ಪಹಿಲಾ ವರ್ಗ ಅಂತ ಅಪ್ಪ ಮಂದ್ಯಾಗ ಅನ್ನೂ ಮುಂದ ನನಗೂ ಚಲೋ ಅನಸ್ತಿತ್ತೋ ತಮ್ಮಾ."

ಪಾಸಾದರೆ ಸಾಕು, ಶಾಲೆಯವರು ವರ್ಗ ಕೇಳುವುದಿಲ್ಲ ಎಂದು ಅವಳೇ ಹೇಳಿದಳು. ಕಾಗದ ಕೈಗೆ ಬರಬೇಕು, ಅಷ್ಟೇ. ಸೋಮವಾರ ಮಧ್ಯಾಹ್ನದೊಳಗೆ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮರುದಿನದ ಮೊದಲ ಬಸ್ಸಿಗೆ ಹೊರಟೆವು.

ರವಿವಾರ: ಮತ್ತೆ ಕಂದಲಗಾಂವ

ಗುಡಿಯ ಕಟ್ಟೆಯ ಕೆಳಗೆ ಅಕ್ಕ ನಿಂತಳು. ವಿಧವೆಯಾದ ಮೇಲೆ ಅವಳು ಗುಡಿಗಳ ಮುಂದೆ ಒಂದು ಮಾರು ದೂರವೇ ನಿಲ್ಲುವುದನ್ನು ಕಲಿತಿದ್ದಳು.

ಅಜ್ಜ ಚೀಲವನ್ನೂ ಹುರಿಯನ್ನೂ ತಂದು ಅವಳ ಮುಂದಿಟ್ಟ. ಸಾಮಾನನ್ನೆಲ್ಲ ಮೊದಲಿನಂತೆಯೇ ತುಂಬಿದ್ದರು. ಚಕ್ಕುಲಿ ಮಾತ್ರ ಇರುವೆಗಳೊಡನೆ ಹಂಚಿಕೊಂಡಷ್ಟು ಕಡಿಮೆಯಾಗಿತ್ತು.

"ಕಟ್ಟವ್ವ."

ಅಕ್ಕ ಹುರಿ ತೆಗೆದುಕೊಂಡಳು. ನೋಡಲೂ ಇಲ್ಲ. ಎರಡು ಸುತ್ತು, ಒಳಗಿನಿಂದ ಒಂದು ಎಳೆತ, ಹೆಬ್ಬೆರಳಿನಿಂದ ಒಂದು ಒತ್ತು. ನನಗೆ ಕಾಣುವಷ್ಟರಲ್ಲಿ ಗಂಟು ಬಿದ್ದಿತ್ತು. ಅಜ್ಜ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಮಾಯಪ್ಪ ಬಗ್ಗಿ ನೋಡಿದ. ಊರಿನ ನಾಲ್ಕಾರು ಮಂದಿ ಬಗ್ಗಿ ನೋಡಿದರು. ಯೂನಿವರ್ಸಿಟಿಯಲ್ಲಿ ಉತ್ತರಪತ್ರಿಕೆಯನ್ನು ಅಷ್ಟು ಜತನದಿಂದ ನೋಡುವುದಿಲ್ಲ.

"ಅದೇ ಗಂಟು," ಎಂದ ಅಜ್ಜ. "ತಗೋ ತಾಯಿ, ನಿಂದ."

ನನ್ನ ಅಕ್ಕ ಒಂದು ಪರೀಕ್ಷೆಯಲ್ಲಿ ಪಹಿಲಾ ವರ್ಗದಲ್ಲಿ ಪಾಸಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದೊಂದು ನೆನಪಿಗೆ ಸಾಕ್ಷಿಗಳಿದ್ದಾರೆ.

ಅಜ್ಜ ಬಟ್ಟಲಿನಿಂದ ಭಂಡಾರ ತೆಗೆದು ಗಂಟಿನ ಮೇಲೆ ಹಾಕಿದ, ಮತ್ತೊಂದು ಚಿಟಿಕೆ ತೆಗೆದು ಅಕ್ಕನ ಕಡೆ ಕೈ ಚಾಚಿದ. ಅಕ್ಕ ಹಿಂದೆ ಸರಿದಳು. "ನನಗ ಬ್ಯಾಡರಿ ಅಜ್ಜಾ. ನಾ..."

"ಗೊತ್ತದವ್ವ. ಬೀರಪ್ಪನ ಭಂಡಾರ ಯಾರಿಗೂ ವರ್ಜ ಇಲ್ಲ. ಹಣಿ ಕೊಡು."

ಅವಳು ಹಣೆ ಕೊಟ್ಟಳು. ಎಷ್ಟೋ ದಿನದ ಮೇಲೆ ಅವಳ ಹಣೆಯ ಮೇಲೆ ಬಣ್ಣ ಬಿತ್ತು. ಬಸ್ಸಿನ ದಾರಿಯುದ್ದಕ್ಕೂ ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಮಾಯಪ್ಪ ರಸ್ತೆಯವರೆಗೆ ಬಂದ. "ಅಕ್ಕಾರ, ಒಂದ ಮಾತು ಹೇಳ್ಲೇನ್ರಿ?"

"ಹೇಳ್ರಿ."

"ಮುಂದಿನ ಸಲ ನಿಮ್ಮ ತಮ್ಮನ ಕೊರಳಿಗೂ ಹಂಗ ಒಂದ ಗಂಟ ಕಟ್ಟಿ ಕಳಸ್ರಿ. ಯಾರ ಹಿಂಡಿನಾಗ ಹೋದ್ರೂ ತಿರಗಿ ಕೊಡ್ತೀವಿ."

ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಸ್ಸು ಬಂದ ಮೇಲೂ ನಗುತ್ತಿದ್ದಳು.

ಸೋಮವಾರ: ಅಕ್ಕಲಕೋಟೆ, ಸೋಲಾಪುರ

ಶಾಲೆಯಲ್ಲಿ ಕೆಲಸ ಮುಗಿಯಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಪ್ರಮಾಣಪತ್ರಕ್ಕೆ ಅಲ್ಲಲ್ಲಿ ಅರಿಸಿನ ಹತ್ತಿತ್ತು. ತಪಾಸಣೆಗೆ ಕೂತಿದ್ದವರು ಹೆಸರು ನೋಡಿದರು, ಮುದ್ರೆ ನೋಡಿದರು, "ಇದೇನ್ರಿ ಹಳದಿ?" ಎಂದರು.

"ಕಂದಲಗಾಂವದ ಬೀರಪ್ಪನ ಭಂಡಾರ," ಎಂದಳು ಅಕ್ಕ.

ಅವರು ಎದ್ದು, ಚಪ್ಪಲಿ ಬಿಟ್ಟು, ಕಾಗದವನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಕೂತು, "ಮೂಲ ಪ್ರತಿ ನೋಡಿದೆ" ಎಂದು ಬರೆದು ಸಹಿ ಮಾಡಿದರು. ಕಣ್ಣಿಗೆ ಅಷ್ಟು ಹತ್ತಿರ ಹಿಡಿದದ್ದನ್ನು ಓದಲಾಗುವುದಿಲ್ಲ, ಆದರೆ ನೋಡಿದರು ಎಂಬುದು ಸುಳ್ಳಲ್ಲ. ಅಕ್ಕನ ಜಾಗ ಅಕ್ಕನಿಗೆ ಉಳಿಯಿತು.

ಹೊರಡುವಾಗ ಅವ್ವನಿಗೆಂದು ಒಂದು ಸೋಲಾಪುರಿ ಚಾದರನ್ನು ಅದೇ ಚೀಲದಲ್ಲಿಟ್ಟು, ಬಾಯಿ ಬಿಗಿದು, ಅಕ್ಕ ಗಂಟು ಹಾಕಿದಳು. ಅದರ ಮೇಲೆ ಅಜ್ಜ ಕೊಟ್ಟಿದ್ದ ಭಂಡಾರ ಮೆತ್ತಿದಳು. "ಈಗ ಬೇಕಾದಲ್ಲಿ ಕಳಕೋ," ಎಂದಳು.

ಸೋಲಾಪುರದಲ್ಲಿ ಗಾಡಿಗೆ ಹೊತ್ತಿತ್ತು. ಕೊಟ್ಟ ತಕರಾರನ್ನು ರದ್ದು ಮಾಡಿಸೋಣವೆಂದು ಹಿಂದಿನ ಕೋಣೆಗೆ ಹೋದೆ. ಹಲ್ಲುಗಳು ಇನ್ನೂ ಲೋಟದಲ್ಲಿದ್ದವು. ಕಾರಕೂನರು ದಫ್ತರದಿಂದ ನನ್ನ ಯಾದಿ ತೆಗೆದರು.

"ಪಹಿಲಾ ವರ್ಗದ ದಾಖಲಾ. ಸಿಕ್ಕತೇನು?"

"ಇಲ್ಲರಿ. ಸಿಕ್ಕದ್ದು ಮೂರನೇ ವರ್ಗದ್ದು."

"ಸೀರಿ?"

"ಅದೂ ಇಲ್ಲ."

"ಲಂಗಾ? ಅವ್ವಾರ ಚಿಟ್ಟಿ?"

"ಇಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮತ್ತ ರದ್ದ ಹೆಂಗ ಮಾಡ್ಲಿ? ನೀವು ಕಳಕೊಂಡಿದ್ದು ಒಂದೂ ಸಿಕ್ಕಿಲ್ಲಲ್ಲ."

ಅವರು ಹೇಳಿದ್ದು ನ್ಯಾಯವಾಗಿತ್ತು. ಆ ಕೋಣೆಯ ದಫ್ತರದಲ್ಲಿ ಅಕ್ಕನ ಪಹಿಲಾ ವರ್ಗ ಇವತ್ತಿಗೂ ಕಳೆದುಹೋದ ಸಾಮಾನಾಗಿಯೇ ಇದೆ. ಸಿಕ್ಕರೆ ಧಾರವಾಡದ ವಿಳಾಸಕ್ಕೆ ತಿಳಿಸುತ್ತಾರೆ.

ಧಾರವಾಡ

ಅವ್ವ ಬಾಗಿಲಲ್ಲಿ ಚೀಲ ತೆಗೆದುಕೊಂಡಳು. ಅಕ್ಕನ ನೌಕರಿಯ ವಿಷಯ ಕೇಳುತ್ತಾಳೆಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳು ಗಂಟನ್ನು ಬೆರಳಿನಿಂದ ಸವರಿ ನೋಡಿದಳು.

"ಇದು ಗಂಗಿ ಕಟ್ಟಿದ್ದು."

"ಹೌದು, ಅಕ್ಕ ಕಟ್ಟ್ಯಾಳ."

"ನಾ ಕಟ್ಟಿದ್ದನ್ನ ಯಾರು ಬಿಚ್ಚಿದ್ರು? ಅಕೀನೇನು?"

"ಅಲ್ಲವ್ವ. ಬೀರಪ್ಪ."

"ಯಾವ ಬೀರಪ್ಪ?"

ಕುರಿಮರಿಯಿಂದ ಹೂ ಬೀಳುವವರೆಗೆ ಎಲ್ಲ ಹೇಳಿದೆ. ಮಾಸ್ತರನನ್ನು ಮಾತ್ರ ಕತೆಯಿಂದ ಬಿಟ್ಟೆ. ಅವನಿಲ್ಲದೆಯೂ ಕತೆ ಚೆನ್ನಾಗಿಯೇ ಕೂಡಿಕೊಂಡಿತು. ಅವ್ವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ ಕೇಳಿದಳು. ಮುಗಿದ ಮೇಲೂ ನೌಕರಿಯ ಮಾತು ಎತ್ತಲಿಲ್ಲ.

"ಬೀರಪ್ಪಗ ಓದಾಕ ಬರತೈತೇನು?"

ಅವಳ ದನಿ ಸಣ್ಣಗಿತ್ತು. ಹೊರಡುವ ದಿನ ಅವಳು ಎರಡು ಸಲ ಹೇಳಿದ್ದ ಮಾತು ನನಗೆ ಕೇಳಿಸಿತು: ಬಿಚ್ಚಬ್ಯಾಡ. ಆ ಗಂಟನ್ನು ಅವಳು ಕಳ್ಳರಿಗೆಂದು ಹಾಕಿರಲಿಲ್ಲ, ಅರಿಸಿನವನ್ನು ದೇವರಿಗೆಂದು ಮೆತ್ತಿರಲಿಲ್ಲ. ಈಗ ಮನೆಯಲ್ಲಿ ಓದು ಬರುತ್ತಿದ್ದವನು ನಾನೊಬ್ಬನೇ.

"ಇಲ್ಲವ್ವ," ಎಂದೆ. "ಅದು ಪರರಾಜ್ಯ. ಅಲ್ಲಿ ಯಾರಿಗೂ ಕನ್ನಡ ಓದಾಕ ಬರೂದಿಲ್ಲ."

"ಚಲೋ ಆತು," ಎಂದು ಅವ್ವ ಗಂಟು ಬಿಚ್ಚತೊಡಗಿದಳು.